ಚರಗದ ಜೊತೆ ಹೋದ ಉಂಗುರ

ಬೆರಳು ಸಣ್ಣಗಾದರೆ ಸಂಸಾರಕ್ಕೆ ಅಪಾಯ ಎಂದು ಯಾವ ಡಾಕ್ಟರೂ ನನಗೆ ಹೇಳಲಿಲ್ಲ. ಸಕ್ಕರೆ ಬಿಡಿ, ಅನ್ನ ಬಿಡಿ, ದಿನಾ ನಡೆಯಿರಿ ಎಂದರು. ಬಿಟ್ಟೆ, ನಡೆದೆ. ಹೊಟ್ಟೆ ಇದ್ದಲ್ಲೇ ಕೂತಿತು, ಬೆರಳುಗಳು ಮಾತ್ರ ಡಾಕ್ಟರ ಮಾತು ಕೇಳಿದವು. ಮದುವೆಯಲ್ಲಿ ಮಾವ ತೊಡಿಸಿದ್ದ ಉಂಗುರ ಗಿರಗಿರ ತಿರುಗತೊಡಗಿತು. ರೋಣದ ಸಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ನನಗೆ ಅದರ ಮುಂದಿನ ಪರಿಣಾಮ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಎಳ್ಳಮವಾಸ್ಯೆಗೆ ಯಾವಗಲ್ಲಿನ ಮಾವನ ಹೊಲಕ್ಕೆ ಹೋಗಿದ್ದೆವು. ಭೂಮಿತಾಯಿಗೆ ಚರಗ ಚೆಲ್ಲುವ ಮಾನ ಅಳಿಯನಿಗೇ ಸಿಕ್ಕಿತು. ಕಡುಬು, ಬದನೆಕಾಯಿ ಪಲ್ಯ, ತುಪ್ಪದನ್ನ ಎಲ್ಲ ಕಲಸಿದ್ದನ್ನು ಮುಷ್ಟಿಗಟ್ಟಲೆ ತೆಗೆದು ಕಡಲೆಯ ಸಾಲುಗಳ ಮೇಲೆ ಬೀಸಿ ಬೀಸಿ ಒಗೆದೆ. ಕೈ ತೊಳೆಯುವಾಗ ನೋಡಿದರೆ ಬೆರಳು ಬೋಳು! ತುಪ್ಪದ ಕೈ, ಸಡಿಲ ಉಂಗುರ; ಭೂಮಿತಾಯಿಗೆ ಆ ವರ್ಷ ಬಂಗಾರವೂ ಸಂದಿತ್ತು.

ಮರುದಿನ ಹೆಂಡತಿ ಕೇಳಿದಳು: “ಉಂಗುರ ಎಲ್ರೀ?”

“ಸಡಲಾಗಿತ್ತು. ಸಣ್ಣದು ಮಾಡಾಕ ಗಜೇಂದ್ರಗಡದ ಪತ್ತಾರಗ ಕೊಟ್ಟೇನಿ.”

ಕಡಲೆ ಕೀಳದ ಹೊರತು ಹೊಲದಲ್ಲಿ ಹುಡುಕುವಂತಿರಲಿಲ್ಲ. ಹೀಗಾಗಿ ಎರಡು ತಿಂಗಳು ಆ ಇಲ್ಲದ ಪತ್ತಾರನಿಗೆ ಜ್ವರ ಬರಿಸಿದೆ, ಅವನ ತಂಗಿಯ ಮದುವೆ ಮಾಡಿದೆ, ಕೊನೆಗೆ ಅವನ ಅತ್ತೆಯನ್ನೂ ಸಾಯಿಸಿದೆ. ಪಾಪ, ಹೆಂಡತಿ ಆ ಮುದುಕಿಗಾಗಿ ಮರುಗಿದಳು.

ಕಡಲೆ ಮನೆ ಸೇರಿದ ಮೇಲೆ ಗಜೇಂದ್ರಗಡದ ಈರಣ್ಣನನ್ನು ಕರೆತಂದೆ. ನೆಲದಲ್ಲಿ ಹುಗಿದ ಕಬ್ಬಿಣದ ಪೈಪು ಹುಡುಕಲು ಅವನ ಹತ್ತಿರ ಒಂದು ಯಂತ್ರವಿದೆ. ಲೋಹ ಕಂಡರೆ ಕುಂಯ್ ಎನ್ನುತ್ತದೆ. ಹೊಲ ಮಾವನದಾದ್ದರಿಂದ ಅವರಿಗೆ ನಿಜ ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣರಳಿಸಿ, “ಬದುವಿನ ಕಡಿಂದ ಸುರು ಮಾಡಸ್ರಿ ಮಾಸ್ತರ,” ಎಂದರು.

ಯಂತ್ರ ಮಧ್ಯಾಹ್ನದವರೆಗೂ ಕೂಗಿತು. ಎತ್ತಿನ ಗೊರಸಿಗೆ ಹೊಡೆದ ನಾಲು ಸಿಕ್ಕಿತು, ಮೊಳೆಗಳು ಸಿಕ್ಕವು, ಕಳುವಾಯಿತೆಂದು ಅತ್ತೆಯವರು ಇಡೀ ಓಣಿಯ ಮೇಲೆ ಸಂಶಯಪಟ್ಟಿದ್ದ ಚಮಚೆಯೂ ಸಿಕ್ಕಿತು. ಕೊನೆಗೆ ಮತ್ತೆ ಬದುವಿಗೇ ಬಂದು ಈರಣ್ಣ ಮಣ್ಣು ಕೆದರಿ ಒಂದು ಉಂಗುರ ಎತ್ತಿದ. ನಾನು ಕೈ ಚಾಚುವಷ್ಟರಲ್ಲಿ ಮಾವ ಕಸಿದುಕೊಂಡರು.

“ಇದು ನಂದು! ಮೂವತ್ತು ವರ್ಷ ಆತು. ನಾನೂ ಚರಗಾ ಚೆಲ್ಲೂಮುಂದನ ಕಳಕೊಂಡಿದ್ದೆ. ನಿಮ್ಮತ್ತಿಗೆ, ನರಗುಂದ ಬಸ್‌ಸ್ಟ್ಯಾಂಡಿನ್ಯಾಗ ಕಳ್ಳ ಹೊಡದಾ ಅಂತ ಹೇಳೇನಿ.”

ಉಂಗುರವನ್ನು ಧೋತರಕ್ಕೆ ಒರೆಸಿ, ತೊಟ್ಟು, ಮಗುವಿನಂತೆ ನಕ್ಕರು. ಮರುಕ್ಷಣ ಮುಖ ಇಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಕಳುವಾದದ್ದು ಹೊಲದಲ್ಲಿ ಹೇಗೆ ಸಿಕ್ಕೀತು? ಮೆಲ್ಲಗೆ ತೆಗೆದು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಒತ್ತಿದರು.

“ಮೂವತ್ತು ವರ್ಷ ನಿಂತ ಮಾತು, ಒಂದು ಉಂಗುರಕ್ಕ ಯಾಕ ಕೆಡಸ್ಲಿ?”

ನನ್ನದು ಸಿಗಲಿಲ್ಲ. “ಎರಿ ಭೂಮಿ ಬಿರುಕು ಬಿಟ್ಟೈತ್ರಿ, ಆಳಕ್ಕ ಇಳದೈತಿ. ನನ್ನ ಮಷೀನಿಗೆ ಗೇಣು ಮಣ್ಣಷ್ಟ ಗೊತ್ತಾಕ್ಕೈತಿ,” ಎಂದ ಈರಣ್ಣ. ಮಾವ ಹೆಗಲ ಮೇಲೆ ಕೈಯಿಟ್ಟು, “ನೀವೂ ನರಗುಂದದ ಕಳ್ಳನ ಮ್ಯಾಲೆ ಹಾಕಿಬಿಡ್ರಿ,” ಎಂದರು.

ಮನೆಗೆ ಬಂದು ಹಾಗೇ ಹೇಳಿದೆ: ಪತ್ತಾರನಿಂದ ಉಂಗುರ ತರುವಾಗ ನರಗುಂದದಲ್ಲಿ ಕಳುವಾಯಿತು.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಗಜೇಂದ್ರಗಡದಿಂದ ರೋಣಕ್ಕ ಬರಾವ್ರು ನರಗುಂದಕ್ಕ ಯಾಕ ಹೋಗಿದ್ರಿ?”

ಸಾಲೆಯ ಗೋಡೆಗೆ ಜಿಲ್ಲೆಯ ನಕಾಶೆ ತೂಗುಹಾಕಿದವನು ನಾನೇ. ನರಗುಂದ ಅದರಲ್ಲಿ ರೋಣದ ಆಚೆ ಬದಿಗಿದೆ.

“ಸಾಕ ಬಿಡ್ರಿ. ಮುಂಜಾನೆ ಅವ್ವ ಫೋನ್ ಮಾಡಿದ್ಲು, ಹೊಲಕ್ಕ ಮಷೀನ ಬಂದೈತಿ ಅಂತ. ಅಪ್ಪನ ಉಂಗುರ ಹೋದಂದಿಂದ ಚರಗಕ್ಕ ಹೊಂಡೂಮುಂದ ಅಕಿ ಅಪ್ಪನ ಮೈಮ್ಯಾಲಿನ ಬಂಗಾರೆಲ್ಲ ಬಿಚ್ಚಿಸಿ ಇಡತಾಳ. ನಿಮ್ದು ಬಿಚ್ಚಿಸೂದು ನಾನ ಮರತೆ.”

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಗುರವಾಯಿತು. ಇನ್ನು ಜನ್ಮದಲ್ಲಿ ಇವಳ ಹತ್ತಿರ ಸುಳ್ಳು ಹೇಳಬಾರದು ಎಂದು ಅಲ್ಲೇ ನಿಂತು ಮನಸ್ಸಿನಲ್ಲೇ ಆಣೆ ಮಾಡಿದೆ. ಅವಳು ಕೇಳಿದಳು: “ಅಪ್ಪಂದರ ಸಿಕ್ತೇನ್ರಿ?”

“ಇಲ್ಲ,” ಎಂದೆ.