ನಲವತ್ತು ಹಾಳೆ, ಒಂದು ಜೊತೆ ಬೂಟು

"ನೋಡ್ರೋ ಇಲ್ಲಿ, ಸ್ವಂತ ಬೂಟಿನ ಬಾಯಿ ಮುಚ್ಚಿಸೋಕೆ ಗತಿ ಇಲ್ಲ, ಸರ್ಕಾರದ ಬೊಕ್ಕಸ ತುಂಬಿಸೋಕೆ ಹೊರಟಿದ್ದಾನೆ."

ಸೂಪರ್‌ವೈಸರ್ ಇಷ್ಟು ಹೇಳಿ ಟೀ ಲೋಟದಿಂದಲೇ ಸಹಿರಾಯನ ಕಾಲಿನ ಕಡೆ ತೋರಿಸಿದ. ಕ್ಯಾಂಟೀನಿನಲ್ಲಿದ್ದ ಮೂವತ್ತು ಜನರ ಅರವತ್ತು ಕಣ್ಣು ಅತ್ತ ತಿರುಗಿದವು. ಎಡಗಾಲಿನ ಬೂಟಿನ ಅಟ್ಟೆ ಮುಂದುಗಡೆ ಕಿತ್ತು, ಹಸಿದ ಮೊಸಳೆಯ ಹಾಗೆ ಬಾಯಿ ತೆರೆದುಕೊಂಡಿತ್ತು. ಒಳಗಿನಿಂದ ಹೆಬ್ಬೆರಳು ನಾಲಿಗೆಯಂತೆ ಇಣುಕುತ್ತಿತ್ತು. ಮೂವತ್ತು ಜನವೂ ನಕ್ಕರು. ಸೂಪರ್‌ವೈಸರ್ ಮಾತಿಗೆ ನಗದವನಿಗೆ ಓವರ್‌ಟೈಮ್ ಸಿಗುವುದಿಲ್ಲ ಎಂಬುದು ಆ ಬಕೆಟ್ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ಸಹಿರಾಯ ಮಾಡಿದ್ದ ತಪ್ಪು ಇಷ್ಟೇ. ಗೋಡೆಯ ಟೀವಿಯಲ್ಲಿ ಸುದ್ದಿ ಬರುತ್ತಿತ್ತು. ನೂರು ಕೋಟಿಗಿಂತ ಹೆಚ್ಚಿದ್ದವರಿಗೆ ಹೊಸ ತೆರಿಗೆಯಂತೆ, ಪಟ್ಟಿಯೂ ತಯಾರಾಗಿದೆಯಂತೆ. ಸೂಟು ಹಾಕಿದ ನಾಲ್ವರು ಕೂತು, ಹಾಗೆ ಮಾಡಿದರೆ ಶ್ರೀಮಂತರ ಮನಸ್ಸು ನೊಂದೀತು ಎಂದು ಮರುಗುತ್ತಿದ್ದರು. "ನೊಂದ್ರೆ ನೋಯ್ಲಿ ಬಿಡಿ. ನಾವು ಒಂದು ಸೋಪು ಕೊಂಡ್ರೂ ತೆರಿಗೆ ಕಟ್ತೀವಿ, ಅವ್ರಿಗೇನು ದಾಡಿ" ಎಂದುಬಿಟ್ಟಿದ್ದ.

"ಅಷ್ಟು ಉರಿ ಇದ್ರೆ ನೀನೇ ಕಟ್ಟಪ್ಪ" ಎಂದ ಸೂಪರ್‌ವೈಸರ್.

ಬೇರೆ ದಿನವಾಗಿದ್ದರೆ ಸಹಿರಾಯ ತಿರುಗಿ ಏನಾದರೂ ಅನ್ನುತ್ತಿದ್ದ. ಇವತ್ತು ಅದೇ ಬಾಯಿಂದ ಅರ್ಧ ದಿನ ರಜೆ ಕೇಳಬೇಕಿತ್ತು. ಕೇಳಿದ. ಸೂಪರ್‌ವೈಸರ್ ರಜೆ ಕೊಟ್ಟ, ಅರ್ಧ ದಿನದ ಸಂಬಳ ಕಿತ್ತುಕೊಂಡ.

ರಜೆ ಬೇಕಿದ್ದದ್ದು ಅಮ್ಮನ ಕಣ್ಣಿಗೆ. ಗುಂಡಿ ಹೊಲಿದು ಮಗನನ್ನು ಸಾಕಿದ ಹೆಂಗಸು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರ ಮೇಲೂ ಪೊರೆ ಬಂದಿತ್ತು. ಮೊನ್ನೆ ಮಗನ ಅಂಗಿಯ ಜೇಬು ಕಿತ್ತಿದೆಯೆಂದು ಕೂತು, ನಾಲ್ಕೂ ಕಡೆ ಹೊಲಿದು ಜೇಬನ್ನು ಮುಚ್ಚಿಯೇಬಿಟ್ಟಿದ್ದಳು. ಬೆಳಗ್ಗೆ ಹೊರಡುವಾಗ ಅವನು, "ನನ್ನ ಮುಖ ಹೇಗೆ ಕಾಣ್ತಿದೆ ಅಮ್ಮ?" ಎಂದು ಕೇಳಿದ್ದ. "ಮೊದಲಿಗಿಂತ ಚೆನ್ನಾಗಿದೆ ಕಣೋ, ಏನೂ ಕಾಣ್ತಿಲ್ಲ" ಎಂದಿದ್ದಳು.

ನಾಳೆ ಬೆಳಗ್ಗೆ ದೊಡ್ಡ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತ ಆಪರೇಷನ್. ಕಡಿಮೆ ಆದಾಯದ ಕಾರ್ಡಿಗೆ ಇವತ್ತು ನಾಲ್ಕು ಗಂಟೆಯೊಳಗೆ ಸರ್ಕಾರಿ ಕಚೇರಿಯ ಮುದ್ರೆ ಬೀಳಬೇಕು. ತಡವಾದರೆ ಇನ್ನು ಆರು ತಿಂಗಳು. ಅಷ್ಟು ದಿನ ಆ ಕಣ್ಣು ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಇನ್ನು ಅವನ ಹೆಸರಿನ ಕತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹೊತ್ತುಹೋಗದಾಗಲೆಲ್ಲ ಒಂದೇ ಒಂದು ವಿದ್ಯೆ ಸಾಧಿಸಿದ್ದ: ಸಹಿ. ಅದೇನು ಸಾಮಾನ್ಯ ಸಹಿಯಲ್ಲ. ಮೊದಲು ಬಸುರಿ ಬೆಕ್ಕಿನಂಥ ದೊಡ್ಡ ಸುತ್ತು, ಆಮೇಲೆ ನಾಲ್ಕು ಅಲೆ, ಕೊನೆಗೆ ಹಾಳೆಯ ಅಂಚಿನವರೆಗೂ ಹೋಗಿ ಹಿಂತಿರುಗುವ ಬಾಲ, ಕೆಳಗೆ ಎರಡು ಚುಕ್ಕೆ. ಓದಲು ತಡವರಿಸುತ್ತಿದ್ದ, ಸಹಿ ಮಾತ್ರ ಮಂತ್ರಿಗಳಂತೆ ಹಾಕುತ್ತಿದ್ದ. ಎರಡು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಎಲ್ಲರಿಗೂ ಬೂಟು ಹಂಚಿದ ದಿನ ಅಕೌಂಟೆಂಟ್ ಈ ಸಹಿ ನೋಡಿ ದಂಗಾಗಿ, ಇವನನ್ನೊಬ್ಬನನ್ನೇ ಏಸಿ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ಟೀ ತರಿಸಿದ್ದರು. "ಇಂಥ ಸಹಿ ನೋಟಿನ ಮೇಲೆ ಇರ್ಬೇಕಿತ್ತು ಕಣಯ್ಯ. ಹಾಕು ಇಲ್ಲಿ, ಇಲ್ಲೂ ಒಂದು ಹಾಕು." ಉಳಿದವರು ಬೂಟಿಗೆ ಒಂದು ಸಹಿ ಹಾಕಿದರೆ ಇವನು ನಲವತ್ತು ಹಾಕಿ ಬಂದಿದ್ದ. ಆ ಮರ್ಯಾದೆಯನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ್ದಕ್ಕೇ ಸಹಿರಾಯ ಎಂಬ ಹೆಸರು ಬಂದದ್ದು.

ಕಚೇರಿಯ ಮುಂದೆ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಪಕ್ಕದ ಮನೆಯ ಕಂಡಕ್ಟರ್ ಮಾವ ಆಗಲೇ ಅಲ್ಲಿದ್ದ. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಎಂಟು ವರ್ಷವಾಗಿದ್ದರೂ ಎಲ್ಲಿ ಜನ ನಿಂತರೂ ಹೋಗಿ ಒತ್ತರಿಸುವ ಚಟ ಬಿಟ್ಟಿರಲಿಲ್ಲ.

"ಮುಂದೆ ಹೋಗ್ತಾ ಇರಿ, ಜಾಗ ಇದೆ. ಬಾರೋ ಅಳಿಯ, ನಿನಗೋಸ್ಕರ ಜಾಗ ಹಿಡ್ಕೊಂಡು ನಿಂತಿದ್ದೀನಿ."

ಸಾಲಿನಲ್ಲೂ ಅದೇ ಸುದ್ದಿ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಬಾಣಸಿಗನೊಬ್ಬ, "ಪಟ್ಟಿಯಲ್ಲಿ ಇರೋರ್ನೆಲ್ಲ ತಂದು ಈ ಬಿಸಿಲಲ್ಲಿ ನಿಲ್ಲಿಸ್ಬೇಕು" ಎಂದ. ಹಿಂದಿದ್ದ ಬಟ್ಟೆ ಒಗೆಯುವ ಅಕ್ಕ, "ನಿಲ್ಸಿದ್ರೆ ಸಾಲ್ದು, ಹಿಂಡ್ಬೇಕು" ಎಂದಳು. ಕಂಡಕ್ಟರ್ ಮಾವ, "ಟಿಕೆಟ್ ಇಲ್ಲದೆ ಪ್ರಯಾಣ ಮಾಡ್ತಿದ್ದಾರೆ ಕಣಮ್ಮ ಅವರು, ಇಳಿಸ್ಬೇಕು" ಎಂದು ತೀರ್ಪು ಕೊಟ್ಟ. ಸಹಿರಾಯನಿಗೆ ಕ್ಯಾಂಟೀನಿನ ಅವಮಾನ ಸ್ವಲ್ಪ ಇಳಿಯಿತು. ತಾನೂ ಗಂಟಲು ಎತ್ತಿ, "ಒಬ್ಬೊಬ್ಬರ ಹೆಸರು ಓದಿ ವಸೂಲಿ ಮಾಡ್ಬೇಕು" ಎಂದ. ಜನ ತಲೆಯಾಡಿಸಿದರು.

ಕಿಟಕಿ ಹತ್ತಿರ ಬರುವಷ್ಟರಲ್ಲಿ ಕಾರು ನಿಂತಿತು. ಇಳಿದವರು ಕಾರ್ಖಾನೆಯ ಅಕೌಂಟೆಂಟ್. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

"ಸಾರ್, ನೀವ್ಯಾಕೆ ಸಾಲಲ್ಲಿ? ಬನ್ನಿ, ನನ್ನ ಜಾಗಕ್ಕೆ ಬನ್ನಿ" ಎಂದು ಸಹಿರಾಯ ಒಂದು ಹೆಜ್ಜೆ ಹಿಂದೆ ಸರಿದ. ಅಕೌಂಟೆಂಟ್ ಕವರು ಒಳಗೆ ತಳ್ಳಿದರು, ಠಪ್ಪೆಂದು ಮುದ್ರೆ ಬಿತ್ತು. ಹೊರಡುವಾಗ ಇವನ ಬೆನ್ನು ತಟ್ಟಿ, "ಸಹಿ ಚೆನ್ನಾಗಿದೆಯೇನಯ್ಯ?" ಎಂದು ವಿಚಾರಿಸಿದರು, ಮನೆಯವರ ಆರೋಗ್ಯ ವಿಚಾರಿಸುವ ಹಾಗೆ.

ಈಗ ಇವನ ಸರದಿ. ಕಿಟಕಿಯೊಳಗಿನ ಮೇಡಂ ಕಾರ್ಡಿನ ನಂಬರು ಕುಟ್ಟಿದರು. ಕಂಪ್ಯೂಟರಿನ ಕಡೆ ಬಗ್ಗಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಕುಟ್ಟಿದರು. ಆಮೇಲೆ ಅವರು ಎದ್ದು ನಿಂತರು. ಆ ಕಚೇರಿ ಕಟ್ಟಿದಾಗಿನಿಂದ ಅಲ್ಲಿ ಯಾರೂ ಯಾರಿಗೂ ಎದ್ದು ನಿಂತಿರಲಿಲ್ಲ.

"ಸಾರ್, ನೀವು... ಕೂತ್ಕೊಳ್ತೀರಾ?"

"ಬೇಡ ಮೇಡಂ, ಮುದ್ರೆ ಒಂದು ಹಾಕಿ."

"ಹೇಗೆ ಹಾಕ್ಲಿ ಸಾರ್? ಹನ್ನೊಂದು ಕಂಪನಿ, ನಾನೂರು ಕೋಟಿ. ಹೊಸ ತೆರಿಗೆ ಪಟ್ಟಿಯಲ್ಲಿ ಏಳನೇ ಹೆಸರು ನಿಮ್ಮದೇ."

ಅವರು ಮೆತ್ತಗೆ ಹೇಳಲು ನೋಡಿದರು. ಆದರೆ ಕಿಟಕಿಗೆ ಮೈಕು ಇತ್ತು. ಏಳನೇ ಹೆಸರು ರಸ್ತೆಯವರೆಗೂ ಕೇಳಿಸಿತು.

ಸಹಿರಾಯ ನಕ್ಕ. ತಿರುಗಿ ನೋಡಿದರೆ ಯಾರೂ ನಗುತ್ತಿರಲಿಲ್ಲ.

"ನಾನೂರು ಕೋಟಿ ಇಟ್ಕೊಂಡು ಬಡವರ ಆಸ್ಪತ್ರೆ ಹಾಸಿಗೆಗೆ ಬಂದಿದ್ದೀಯ" ಎಂದಳು ಬಟ್ಟೆ ಒಗೆಯುವ ಅಕ್ಕ. ಈಗ ಅವಳಿಗೆ ಹಿಂಡಲು ಒಬ್ಬ ಸಿಕ್ಕಿದ್ದ.

"ಅಕ್ಕ, ನನ್ನ ಬೂಟು ನೋಡಿ."

"ಜಿಪುಣ" ಎಂದ ಬಾಣಸಿಗ. "ಕಂಡೋರ ಹೆಸರು ಓದಿ ವಸೂಲಿ ಮಾಡಿ ಅಂತ ನಮ್ಮನ್ನೇ ಕುಣಿಸ್ತಿದ್ದ."

"ಮಾವ, ನೀವಾದ್ರೂ ಹೇಳಿ. ನಾನು ಎಂಥೋನು ಅಂತ ನಿಮಗೆ ಗೊತ್ತಲ್ಲ."

ಕಂಡಕ್ಟರ್ ಮಾವ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಗೊತ್ತಿತ್ತು ಅಂದ್ಕೊಂಡಿದ್ದೆ. ಹೋದ ವಾರ ನಮ್ಮನೆಯಿಂದ ಅರ್ಧ ಲೋಟ ಸಕ್ಕರೆ ತಗೊಂಡು ಹೋದೆಯಲ್ಲೋ. ನಾನೂರು ಕೋಟಿಗೆ ಅದೂ ಸೇರಿದೆಯಾ?"

ಹಿಂದಿನಿಂದ ಯಾರೋ ನೂಕಿದರು. ಮೆಟ್ಟಿಲ ಮೇಲೆ ಮುಗ್ಗರಿಸಿದಾಗ ಬೂಟಿನ ಅಟ್ಟೆ ಇನ್ನಷ್ಟು ಕಿತ್ತು ಹಿಮ್ಮಡಿಯಲ್ಲಿ ಮಾತ್ರ ನೇತಾಡಿತು. ಗಡಿಯಾರದಲ್ಲಿ ಮೂರು ಗಂಟೆ. ಇನ್ನೂ ಒಂದು ಗಂಟೆ ಇದೆ, ಇದು ಕಂಪ್ಯೂಟರಿನ ತಪ್ಪು, ಅಕೌಂಟೆಂಟ್ ಸಾರ್ ಒಂದು ಫೋನ್ ಮಾಡಿದರೆ ಮುಗಿಯಿತು ಎಂದುಕೊಂಡು, ಅಟ್ಟೆ ಎತ್ತಿ ಎತ್ತಿ ಕಾರ್ಖಾನೆಯ ಕಡೆ ಓಡಿದ.

ಏಸಿ ಕೋಣೆಯಲ್ಲಿ ಅಕೌಂಟೆಂಟ್ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

"ತಪ್ಪೇನಿಲ್ಲವಲ್ಲಯ್ಯ. ಸರಿಯಾಗೇ ಇದೆ. ಬೂಟಿನ ದಿನ ನಲವತ್ತು ಹಾಳೆಗೆ ಸಹಿ ಹಾಕಿದ್ದೆ, ಮರೆತೆಯಾ? ಮೊದಲ ಇಪ್ಪತ್ತರಲ್ಲಿ ನಮ್ಮ ಮಾಲೀಕ ಸಾಹೇಬ್ರ ಕಂಪನಿಗಳು ನಿನ್ನ ಹೆಸರಿಗೆ ಬಂದ್ವು."

ಸಹಿರಾಯ ಕೋಣೆಯ ನಾಲ್ಕೂ ಗೋಡೆ ಒಮ್ಮೆ ನೋಡಿದ. "ಅಂದ್ರೆ ಸಾರ್... ಈ ಕಾರ್ಖಾನೆ ನಂದಾ?"

"ಮೊದಲ ಇಪ್ಪತ್ತು ಹಾಳೆ ತನಕ ನಿಂದೇ. ಇಪ್ಪತ್ತೊಂದರಿಂದ, ಅದರಿಂದ ಬರೋದೆಲ್ಲ ಸಾಹೇಬ್ರಿಗೆ, ಮಾರೋ ಹಕ್ಕೂ ಸಾಹೇಬ್ರಿಗೆ ಅಂತ ನೀನೇ ಬರ್ಕೊಟ್ಟಿದ್ದೀಯ. ಎಷ್ಟು ಚಂದದ ಸಹಿ."

"ಮತ್ತೆ ನಂಗೆ ಏನು ಉಳೀತು?"

"ಹೆಸರು."

"ತೆರಿಗೆ?"

"ಹೆಸರಿನ ಮೇಲೇ ಬರುತ್ತಲ್ಲಪ್ಪ ಅದು. ಅದನ್ನ ಯಾರೂ ಬರೆಸ್ಕೊಂಡಿಲ್ಲ, ಪೂರ್ತಿ ನಿಂದೇ. ಹೆದರ್ಬೇಡ, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡ್ಕೋತಾರೆ. ಹೆಸರು ತೆಗೆಸ್ಬೇಕಂದ್ರೆ ಅರ್ಜಿ ಹಾಕು, ಮೂರು ವರ್ಷದಲ್ಲಿ ವಿಚಾರಣೆಗೆ ಬರುತ್ತೆ."

"ಸಾರ್, ನಾಳೆ ಅಮ್ಮನ ಕಣ್ಣು..."

ಮೇಜಿನ ಮೇಲೆ ಆ ಪ್ಲಾಸ್ಟಿಕ್ ಕವರು ಬಿಚ್ಚಿಕೊಂಡಿತ್ತು. ಅದರೊಳಗೊಂದು ಕಡಿಮೆ ಆದಾಯದ ಕಾರ್ಡು, ಮುದ್ರೆಯ ಶಾಯಿ ಇನ್ನೂ ಹಸಿ. ಫೋಟೋದಲ್ಲಿ ಎರಡೆಳೆ ಮುತ್ತಿನ ಸರ ಹಾಕಿದ ಮುದುಕಿ. ಸಾಹೇಬರ ತಾಯಿ.

ಇವನ ಕಣ್ಣು ಅಲ್ಲಿ ನೆಟ್ಟಿದ್ದನ್ನು ನೋಡಿ ಅಕೌಂಟೆಂಟ್ ನಿಟ್ಟುಸಿರು ಬಿಟ್ಟರು. "ಅವರಿಗೂ ಪೊರೆ. ಪಾಪ, ಮಗನ ಹೆಸರಲ್ಲಿ ಒಂದು ಸೈಕಲ್ಲೂ ಇಲ್ಲ ನೋಡು. ಉಚಿತ ಆದ್ರೂ ಆ ಡಾಕ್ಟರ ಕೈ ಒಳ್ಳೇದಂತೆ." ಆಮೇಲೆ ಖಾನೆ ಎಳೆದು ಒಂದು ಕಾಗದ ಮುಂದಿಟ್ಟರು. "ತೆರಿಗೆ ನೋಟಿಸು, ಕಂಪನಿ ವಿಳಾಸಕ್ಕೇ ಬಂದಿದೆ. ಮುಟ್ಟಿತು ಅಂತ ಇಲ್ಲೊಂದು ಹಾಕು."

ಸಹಿರಾಯ ಪೆನ್ನು ಮುಟ್ಟಲಿಲ್ಲ. ಇಪ್ಪತ್ತು ವರ್ಷ ಸಾಕಿದ ಸಹಿಯ ಬಾಲವನ್ನು ಮಡಚಿಟ್ಟು, ಮೇಜಿನ ಮೇಲಿದ್ದ ಶಾಯಿ ಪ್ಯಾಡಿನಲ್ಲಿ ಹೆಬ್ಬೆರಳು ಒತ್ತಿ, ಹಾಳೆಯ ಮೇಲೆ ಹಲ್ಲು ಕಚ್ಚಿಕೊಂಡು ಗುದ್ದಿದ. ನನ್ನ ಸಹಿ ಇನ್ನು ನಿಮಗೆ ಸಿಗುವುದಿಲ್ಲ ಎನ್ನುವಂತೆ ಅಕೌಂಟೆಂಟರ ಮುಖ ನೋಡಿದ.

ಅವರು ಹಾಳೆ ಎತ್ತಿ ಊದಿ ಆರಿಸಿದರು. "ಹೆಬ್ಬೆಟ್ಟೂ ನಡೆಯುತ್ತೆ" ಎಂದರು.

ಹೊರಗೆ ಗೇಟಿನ ಬಳಿ ಶಿಫ್ಟು ಬಿಟ್ಟ ಮೂವತ್ತು ಜನರೂ ನಿಂತಿದ್ದರು. ಕಂಡಕ್ಟರ್ ಮಾವ ಇವನು ಹೊರಗೆ ಬರುವ ಮೊದಲೇ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುದ್ದಿ ಹಂಚಿದ್ದ. ಸೂಪರ್‌ವೈಸರ್ ಸಾಲಿನ ತುದಿಯಲ್ಲಿ ಟೋಪಿ ತೆಗೆದು, ಎದೆಗೆ ಒತ್ತಿಕೊಂಡು ನಿಂತಿದ್ದ.

"ಧಣಿಗಳು ಬಂದ್ರು, ದಾರಿ ಬಿಡ್ರೋ" ಎಂದ. ಮೂವತ್ತು ಜನ ದಾರಿ ಬಿಟ್ಟರು. "ಬೆಳಗ್ಗೆ ಮಾತು ಅರ್ಧಕ್ಕೇ ನಿಂತಿತ್ತು ಧಣಿ. ಈಗ ಹೇಳಿ, ಶ್ರೀಮಂತರು ಜಾಸ್ತಿ ತೆರಿಗೆ ಕಟ್ಬೇಕೋ, ಬೇಡ್ವೋ?"

ಕಾರ್ಖಾನೆಯ ಗಡಿಯಾರ ನಾಲ್ಕು ಹೊಡೆಯಿತು. ಸಹಿರಾಯ ಮುದ್ರೆಯಿಲ್ಲದ ಕಾರ್ಡನ್ನು ಜೇಬಿಗೆ ತುರುಕಲು ಹೋದ. ಜೇಬಿನ ಬಾಯಿ ಹೊಲಿದಿತ್ತು. ಕಾರ್ಡನ್ನು ಕೈಯಲ್ಲೇ ಹಿಡಿದು, ಶಾಯಿಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಅವರ ನಡುವೆ ನಡೆದು ಗೇಟು ದಾಟಿದ. ಎಡಗಾಲಿನ ಅಟ್ಟೆ ಮಾತ್ರ ಹೆಜ್ಜೆಹೆಜ್ಜೆಗೂ ಡಾಂಬರು ರಸ್ತೆಗೆ ಚಪ್ ಚಪ್ ಎಂದು ಬಡಿಯುತ್ತಿತ್ತು, ರಸ್ತೆ ತಿರುಗುವವರೆಗೂ.