ಹೆಣ್ಣು ನೋಡಲು ಹೋಗಿ ಬೋರ್ ಪಾಯಿಂಟ್ ತೋರಿಸಿದ್ದು

ಪೆಟ್ರೋಲಿಯಂ ಇಂಜಿನಿಯರಿಂಗ್ ಓದಿದವನು ಹಗರಿಬೊಮ್ಮನಹಳ್ಳಿಯಲ್ಲಿ ಹುಟ್ಟಿರಬಾರದು. ಸಮುದ್ರದ ತಳ ಕೊರೆದು ಎಣ್ಣೆ ತೆಗೆಯೋದು ನನ್ನ ಕೆಲಸ. ಅಲ್ಲಿ ಎಲ್ಲ ಸುಸೂತ್ರ. ಊರಿಗೆ ಬಂದರೆ ಮಾತ್ರ ಏನಾದರೊಂದು ಆಗದೆ ಬಿಡುವುದಿಲ್ಲ.

ಬಂಕು

ಕೆಲಸ ಸಿಕ್ಕ ಖುಷಿಗೆ ಓಣಿಗೆಲ್ಲ ಪೇಡೆ ಹಂಚಿದೆ. ಪಕ್ಕದ ಮನೆಯ ದೊಡ್ಡಮ್ಮ ಪೇಡೆ ಬಾಯಿಗೆ ಹಾಕಿಕೊಂಡು, “ಯಾವ ಬಂಕಿನ್ಯಾಗಪ?” ಅಂದಳು.

“ಬಂಕ್ ಅಲ್ಲ ದೊಡ್ಡಮ್ಮ, ಸಮುದ್ರದಾಗ.”

“ಅಯ್ಯ ಶಿವನ! ಅಲ್ಲಿಗೆ ಗಾಡಿ ಯಾರು ತರ್ತಾರ?”

ರಜೆ

ಒಂದು ತಿಂಗಳು ಸಮುದ್ರ, ಒಂದು ತಿಂಗಳು ಮನೆ, ಇದು ನಮ್ಮ ಪದ್ಧತಿ. ಕೂಡ್ಲಿಗಿ ಕಡೆಯ ಸಂಬಂಧವೊಂದು ಕುದುರಿತ್ತು. ಹುಡುಗಿಯ ಸೋದರಮಾವ ನಮ್ಮ ಓಣಿಗೆ ವಿಚಾರಿಸಲು ಬಂದ. ಸಿಕ್ಕವಳು ಅದೇ ದೊಡ್ಡಮ್ಮ.

“ಹುಡುಗ ಬಂಗಾರ ಅದಾನ. ಆದ್ರ ಪಾಪ, ಒಂದು ತಿಂಗಳಾತಂದ್ರ ಕೆಲಸ ಬಿಡಿಸಿ ಮನಿಗೆ ಕಳಿಸ್ತಾರ!”

ಸಂಬಂಧ ಅಲ್ಲಿಗೇ ಮುರಿಯಿತು. “ಇನ್ನೊಂದು ನೋಡ್ತೀನಿ ಲೇ. ಅದೂ ತಪ್ಪಿದ್ರ ಸಮುದ್ರದಾಗ ಮೀನು ಮದ್ವಿ ಮಾಡ್ಕ್ಯ” ಅಂದ ಅಪ್ಪ.

ಕಾಯಿ

ಆ ಇನ್ನೊಂದು ಸಂಬಂಧ ನಮ್ಮ ಪಕ್ಕದ ತಾಲೂಕಿನ ಅರಸೀಕೆರೆಯದು. ಫೋಟೋ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಇದೊಂದು ತಪ್ಪದಿರಲಿ ಅಂತ ಮೈಲಾರಲಿಂಗಪ್ಪನಿಗೆ ಬೇಡಿಕೊಂಡೇ ಹೋಗಿದ್ದೆ. ಅವರ ಮನೆ ಹೊಲದಲ್ಲೇ ಇತ್ತು. ಹುಡುಗಿ ಹೊರಗೆ ಬರುವ ಮೊದಲೇ ಅವರಪ್ಪ ಶುರು ಮಾಡಿದರು.

“ನೆಲದಾಗಿನ ಎಣ್ಣಿ ಕಂಡುಹಿಡಿಯೋರಿಗೆ ನೀರು ಯಾವ ಲೆಕ್ಕರಿ? ನಾಳೆ ಬೋರ್ ಲಾರಿ ಬರ್ತೈತಿ. ಒಂದು ಪಾಯಿಂಟ್ ತೋರಿಸ್ರಿ.”

“ಅದು ಬೇರೆ ವಿದ್ಯೆ, ಯಜಮಾನ್ರೇ” ಅಂದೆ. ಅಪ್ಪ ನನ್ನ ತೊಡೆ ಚಿವುಟಿದ.

ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿದರು. ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದಂತೆ. ನಾಲ್ಕು ವರ್ಷ ಓದಿದ್ದೆಲ್ಲ ಮರೆತು ಹೊಲ ಸುತ್ತಿದೆ. ಕಾಯಿ ಮಿಸುಕಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಬಂದಾಗ ಮಾತ್ರ ಗಡಗಡ ಅಲುಗಿ ನೆಟ್ಟಗೆ ನಿಂತುಬಿಟ್ಟಿತು! ಅಲ್ಲೇ ಕಲ್ಲಿಟ್ಟು ಗುರುತು ಮಾಡಿದರು. “ನೀರು ಬೀಳಲಿ, ಆಮ್ಯಾಲೆ ಮದ್ವಿ ಮಾತು” ಅಂದರು.

ಮರುದಿನ ಮತ್ತೆ ಹೋದೆವು. ಬೋರ್ ಕೊರೆದರು, ಕೊರೆದರು, ಬರೀ ಧೂಳು. ನಾನು ಮೈಯೆಲ್ಲ ಬೂದಿ ಬಳಿದವನಂತೆ ನಿಂತಿದ್ದೆ. ಹುಡುಗಿಯ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ನಮ್ಮಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಗ ಹುಡುಗಿಯೇ ಮುಂದೆ ಬಂದಳು. “ನೀರಿಲ್ಲ ಅಂದ್ರ ಕಾಯಿ ಯಾಕ ಎದ್ದು ನಿಂತಿತ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅವಾಗ ನೀವು ಬಾಗ್ಲಿಗೆ ಬಂದ್ರಿ. ನನ್ನ ಕೈ ನಡುಗ್ತು.”

ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಾ ಒಳಗೋಡಿದಳು. ಅವರಪ್ಪ ಒಮ್ಮೆ ಮಗಳ ಕಡೆ, ಒಮ್ಮೆ ಧೂಳಿನ ಗುಡ್ಡೆ ಕಡೆ ನೋಡಿ ಹಣೆ ಚಚ್ಚಿಕೊಂಡರು.

“ಎಂಥಾ ಅಳಿಯ ಸಿಕ್ಕಿಯಪ್ಪ! ಇದನ್ನ ನಿನ್ನಿನೇ ಹೇಳಿದ್ರ ಬೋರ್ ಲಾರಿ ಬಿಟ್ಟು ಚಪ್ಪರದೋರನ್ನ ಕರೆಸ್ತಿದ್ನಲ್ಲೋ!”