ಒಂದೇ ಬಾಯಿಯ ಕ್ಯಾನು

ಮುಂಬಯಿಯ ಕಾಂದಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿ ನಾನು ಈವರೆಗೆ ಕೈ ಎತ್ತಿದ್ದು ಎರಡೇ ಸಲ. ಮೊದಲನೆಯ ಸಲ, ಫ್ಯಾನು ಹಾಕಿ ಎಂದು ಹೇಳಲು. ಎರಡನೆಯ ಸಲ, ಪೆಟ್ರೋಲ್ ಕ್ಯಾನು ಕೊಳ್ಳುವ ಹೊಣೆ ಹೊರಲು. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಸಂಗತಿ ಇಷ್ಟೇ. ಮಳೆಗಾಲದಲ್ಲಿ ನಮ್ಮ ಕಂಪೌಂಡಿನಲ್ಲಿ ನೀರು ನಿಲ್ಲುತ್ತದೆ. ಅದನ್ನು ಹೊರಹಾಕಲು ಪೆಟ್ರೋಲಿನಲ್ಲಿ ಓಡುವ ಪುಟ್ಟ ಪಂಪೊಂದಿದೆ. ಕರೆಂಟಿನ ಪಂಪು ಯಾಕಿಲ್ಲವೆಂದರೆ, ನೀರು ಬಂದಾಗ ಮೊದಲು ಹೋಗುವುದೇ ಕರೆಂಟು. ಹಿಂದಿನ ವರ್ಷ ವಾಚ್‌ಮನ್ ನೀರಿನ ಬಾಟಲಿಯಿಂದ ಪೆಟ್ರೋಲ್ ಸುರಿಯಲು ಹೋಗಿ, ಪಂಪಿಗಿಂತ ಹೆಚ್ಚು ನೆಲಕ್ಕೇ ಕುಡಿಸಿದ್ದ. ಆದ್ದರಿಂದ ಸೆಕ್ರೆಟರಿ ಸಾವಂತರು ಸಭೆಯಲ್ಲಿ, “ಏಕ್ ಅಚ್ಛಾ ಕ್ಯಾನ್ ಚಾಹಿಯೆ, ಆರಾಮ್ ಸೇ ಪೆಟ್ರೋಲ್ ನಿಕಲೇ ಐಸಾ. ಕೌನ್ ಲಾಯೇಗಾ?” ಎಂದು, ಸರಾಗವಾಗಿ ಸುರಿಯುವ ಕ್ಯಾನು ತರುವವರು ಯಾರೆಂದು ಕೇಳಿದರು. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಜನ ತಂದ ಕಾಗದಗಳಲ್ಲಿ ತಪ್ಪು ಹುಡುಕಿದವನು ನಾನು. ಒಂದು ಡಬ್ಬಿಯಲ್ಲಿ ತಪ್ಪು ಹುಡುಕಲಾರೆನೇ?

ಹದಿನೈದು ದಿನ ಅಧ್ಯಯನ ನಡೆಯಿತು. ಮೊಬೈಲಿನಲ್ಲಿ ಯಾವುದೋ ದೇಶದ ಬಿಳಿ ಗಡ್ಡದವನೊಬ್ಬ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಸುರಿದು, ಒಂದು ಹನಿಯೂ ಚೆಲ್ಲದೆ ಮುಗುಳ್ನಗುವುದನ್ನು ನಲವತ್ತು ಸಲ ನೋಡಿದೆ. ನೋಟ್‌ಬುಕ್ಕಿನಲ್ಲಿ ಹಿಡಿಕೆ, ಮುಚ್ಚಳ, ಮೂತಿ ಎಂದು ಅಂಕಣ ಹಾಕಿ ಗುಣದೋಷಗಳನ್ನು ಬರೆದೆ.

ನನ್ನ ಹೆಂಡತಿ ಶಾಂತಾ ಧಾರವಾಡದವಳು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. “ಏನ್ರೀ, ನನಗ ವರಾ ನೋಡೂಮುಂದ ನಮ್ಮಪ್ಪ ಇಷ್ಟ ವಿಚಾರ ಮಾಡಿದ್ದಿಲ್ಲ ನೋಡ್ರಿ.”

“ಹಾಗಾದರೆ ನನ್ನನ್ನು ಹೇಗೆ ಒಪ್ಪಿದರು?”

“ಅದನ್ನ ಹೇಳಾಕತ್ತೀನಿ.”

ಗ್ರಾಂಟ್ ರೋಡಿನ ಬಳಿ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಒಂದು ಸಾದಾ ತಗಡಿನ ಕ್ಯಾನು ತೆಗೆದು ಮುಂದಿಟ್ಟ. ಅದಕ್ಕೆ ಮುಂದೊಂದು ದೊಡ್ಡ ಬಾಯಿ, ಹಿಂದೆ ಬೆರಳು ಗಾತ್ರದ ಇನ್ನೊಂದು ಪುಟ್ಟ ಬಾಯಿ, ಎರಡಕ್ಕೂ ಮುಚ್ಚಳ. “ಯಹೀ ಲೇ ಜಾಓ ಕಾಕಾ, ಸಬ್ ಯಹೀ ಲೇತೇ ಹೈಂ.” ಎಲ್ಲರೂ ಒಯ್ಯುವುದು ಅದನ್ನೇ ಅಂತೆ. ನಾನು ಕನ್ನಡಕ ಮೇಲೇರಿಸಿ ಪರಿಶೀಲಿಸಿದೆ. ಎರಡು ಬಾಯಿ! ಅಂದರೆ ಸೋರಲು ಎರಡು ಅವಕಾಶ! ನೋಟ್‌ಬುಕ್ಕಿನಲ್ಲಿ ಅದರ ಹೆಸರಿಗೆ ಅಡ್ಡಗೆರೆ ಎಳೆದೆ. ಒಂದೇ ಒಂದು ಬಾಯಿಯಿದ್ದ, ಕೆಂಪು ಬಣ್ಣದ, ಆನೆಯ ಸೊಂಡಿಲಿನಂತೆ ಬಳುಕುವ ಉದ್ದ ಮೂತಿಯ ಕ್ಯಾನನ್ನು ಆರಿಸಿದೆ. ಅಂಗಡಿಯವನು ಏನನ್ನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿಕೊಂಡ.

ಮನೆಯಲ್ಲಿ ನೀರು ತುಂಬಿ ಬಚ್ಚಲಲ್ಲಿ ಪ್ರಯೋಗ ಮಾಡಿದೆ. ಗುಳುಕ್. ಗುಳುಕ್. ಭಸ್! ಕ್ಯಾನು ಬಿಕ್ಕಳಿಸಿ, ಉಸಿರು ಕಟ್ಟಿ, ನನ್ನ ಎದೆಗೇ ವಾಂತಿ ಮಾಡಿತು.

“ನೀರು ಸ್ವಲ್ಪ ದಪ್ಪ,” ಎಂದೆ ಗಂಭೀರವಾಗಿ. “ಪೆಟ್ರೋಲ್ ತೆಳು. ಅದು ಸರಾಗವಾಗಿ ಬರುತ್ತದೆ.”

“ಬ್ಯಾಂಕಿನ್ಯಾಗ ಇದನ್ನೂ ಕಲಿಸ್ತಿದ್ರೇನು?” ಎಂದು ಶಾಂತಾ ಟವೆಲ್ ಎಸೆದಳು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಉಡುಪಿ ಕಡೆಯ ಸುಮತಿಯಕ್ಕ ಇದ್ದಾರೆ. ಅವರ ಗಂಡ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಸುಮತಿಯಕ್ಕ ಮನೆಯಲ್ಲೇ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಮಾರುತ್ತಾರೆ. ಅದಕ್ಕಾಗಿ ನಾಲ್ಕು ಗಂಡಸರು ಸೇರಿದರೂ ಕದಲಿಸಲಾಗದ ಒಂದು ಕಲ್ಲಿನ ಗ್ರೈಂಡರ್ ಇದೆ. ಎರಡು ವರ್ಷಗಳ ಹಿಂದೆ ಶಾಂತಾಳಿಗೆ ಪರೇಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ, ಇಪ್ಪತ್ತು ದಿನವೂ ಬೆಳಿಗ್ಗೆ ನನ್ನ ಕೈಗೆ ಬಿಸಿ ಇಡ್ಲಿಯ ಡಬ್ಬಿ ಕೊಟ್ಟು ಲೋಕಲ್ ರೈಲಿಗೆ ಕಳಿಸಿದವರು ಸುಮತಿಯಕ್ಕ. ಶಾಂತಾ ಗುಣವಾಗಿ ಮನೆಗೆ ಬಂದಳು. ನನಗೆ ನೆಮ್ಮದಿಯ ನಿದ್ದೆ ಬರತೊಡಗಿತು. ಆಗ ಕೇಳಿಸಿತು ನೋಡಿ, ಬೆಳಿಗ್ಗೆ ಐದೂವರೆಗೆ ಆ ಗ್ರೈಂಡರಿನ ಗುರ್ರ್ ಸದ್ದು! ಅದೇ ಗ್ರೈಂಡರಿನ ಇಡ್ಲಿ ತಿಂದ ನಾನು, ಅದರ ವಿರುದ್ಧ ಒಂದು ದೂರಿನ ಅರ್ಜಿ ಬರೆದು, ‘ಇತಿ, ಒಬ್ಬ ನಿವಾಸಿ’ ಎಂದು ಸಹಿ ಮಾಡಿ, ಸೊಸೈಟಿ ಆಫೀಸಿನ ಪೆಟ್ಟಿಗೆಗೆ ಹಾಕಿ ಬಂದೆ. ಯಾರಿಗೂ ಗೊತ್ತಾಗಲಿಲ್ಲವೆಂದು ನನ್ನ ನಂಬಿಕೆ.

ಜುಲೈನ ಒಂದು ಬೆಳಿಗ್ಗೆ ಮಳೆ ಹಿಡಿದದ್ದು ಬಿಡಲಿಲ್ಲ. ಹನ್ನೊಂದರ ಹೊತ್ತಿಗೆ ಕಂಪೌಂಡಿನಲ್ಲಿ ಮೊಣಕಾಲುದ್ದ ನೀರು. ಲೋಕಲ್ ನಿಂತಿತ್ತು. ಬಿಲ್ಡಿಂಗಿನ ಗಂಡಸರೆಲ್ಲ ಆಫೀಸಿನಲ್ಲಿ ಸಿಕ್ಕಿಬಿದ್ದಿದ್ದರು. ಉಳಿದವರು ವಾಚ್‌ಮನ್ ಮತ್ತು ನಾನು. ಗಂಡಸು ಎಂದರೆ ವಾಚ್‌ಮನ್ ಒಬ್ಬನೇ ಎಂದು ಶಾಂತಾಳ ಅಭಿಪ್ರಾಯ.

ಸುಮತಿಯಕ್ಕನ ಮನೆಯೊಳಗೆ ಆಗಲೇ ನೀರು ನುಗ್ಗಿತ್ತು. ಅವರು ಅಕ್ಕಿ, ಉದ್ದಿನ ಚೀಲಗಳನ್ನು ಮಂಚದ ಮೇಲೆ ಏರಿಸುತ್ತಿದ್ದರು. ಗ್ರೈಂಡರನ್ನು ಏರಿಸುವುದು ಹೇಗೆ? ಅದರ ಮೋಟಾರು ಇರುವುದು ಕೆಳಗೆ. ನೀರಿಗೂ ಮೋಟಾರಿಗೂ ನಡುವೆ ನಾಲ್ಕು ಬೆರಳು ಅಂತರ. ಅದು ನೀರು ಕುಡಿದರೆ ಅವರ ಕಸುಬೇ ನಿಂತಂತೆ.

“ಹೆದರಬೇಡಿ ಅಕ್ಕಾ! ಕ್ಯಾನು ಇದೆ!” ಎಂದು ನಾನು ಘೋಷಿಸಿದೆ.

ವಾಚ್‌ಮನ್ ಪಂಪನ್ನು ಹೊರಗಿನ ಮೆಟ್ಟಿಲ ಮೇಲೆ ತಂದಿಟ್ಟ. ನಾನು ಸೊಂಡಿಲು ಜೋಡಿಸಿ, ಬಿಳಿ ಗಡ್ಡದವನನ್ನು ನೆನೆದು, ಮುಗುಳ್ನಕ್ಕು ಕ್ಯಾನನ್ನು ಬಗ್ಗಿಸಿದೆ. ಗುಳುಕ್. ಗುಳುಕ್. ಭಸ್! ಪೆಟ್ರೋಲು ದಪ್ಪವೂ ಅಲ್ಲ, ತೆಳುವೂ ಅಲ್ಲ. ನೀರಿನಷ್ಟೇ ಹಟಮಾರಿ. ಪಂಪಿಗೆ ಒಂದು ಗುಟುಕು, ಮೆಟ್ಟಿಲಿಗೆ ಒಂದು ಗುಟುಕು, ನನ್ನ ಪೈಜಾಮಕ್ಕೆ ಮೂರು ಗುಟುಕು! ಇನ್ನಷ್ಟು ಬಗ್ಗಿಸಿದೆ. ಸೊಂಡಿಲು ಟ್ಯಾಂಕಿನಿಂದ ಜಾರಿ ವಾಚ್‌ಮನ್‌ನ ಬೂಟಿನೊಳಗೆ ಹೋಯಿತು. ಐದು ಲೀಟರಿನಲ್ಲಿ ಉಳಿದದ್ದು ಎರಡು. ರಸ್ತೆಯಲ್ಲಿ ಸೊಂಟದುದ್ದ ನೀರು, ಬೇರೆ ಪೆಟ್ರೋಲ್ ತರುವ ಮಾತೇ ಇಲ್ಲ.

ಮೇಲಿನ ಬಾಲ್ಕನಿಯಿಂದ ಶಾಂತಾ ಕೂಗಿದಳು. “ಏನ್ರೀ, ಆ ಅರಬಿ ಹಾಕ್ಕೊಂಡು ಮನಿ ಒಳಗ ಬರಬ್ಯಾಡ್ರಿ! ಒಲೀ ಮ್ಯಾಲೆ ಚಹಾ ಐತಿ!”

ಪರೇಲಿನ ಆಫೀಸಿನಲ್ಲಿ ಕುಳಿತಿದ್ದ ಸಾವಂತರಿಗೆ ಫೋನ್ ಮಾಡಿದೆ. “ಕಾಕಾ, ಪಂದ್ರಾ ದಿನ್ ಸ್ಟಡಿ ಕಿಯಾ ನಾ ಆಪ್‌ನೇ?” ಎಂದು ನನ್ನ ಹದಿನೈದು ದಿನದ ಅಧ್ಯಯನವನ್ನು ನೆನಪಿಸಿದರು. ಫೋನ್ ಇಟ್ಟೆ.

ನೀರು ಇನ್ನೂ ಎರಡು ಬೆರಳು ಏರಿತು. ನನಗೆ ನಿಜವಾಗಿಯೂ ಅಳು ಬಂದಂತಾಯಿತು. ಆ ಗ್ರೈಂಡರಿನ ಬಾಯಿ ಮುಚ್ಚಲಿ ಎಂದು ಅರ್ಜಿ ಬರೆದವನು ನಾನೇ. ದೇವರು ಇಷ್ಟು ತಡವಾಗಿ, ಇಷ್ಟು ಶ್ರದ್ಧೆಯಿಂದ ಅದನ್ನು ಮಂಜೂರು ಮಾಡಬೇಕೇ?

ಆಗ ಸುಮತಿಯಕ್ಕ ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲೇ ನಡೆದು ಬಂದರು. ಕೈಯಲ್ಲಿ ಅಡುಗೆಮನೆಯ ತಗಡಿನ ಆಲಿಕೆ.

“ಕೊಡಿ ಇಲ್ಲಿ. ಎಂತ ಮಾರಾಯ್ರೆ, ಅದರ ಕುತ್ತಿಗೆ ಹಿಸುಕಿದ ಹಾಗೆ ಸುರಿಯುವುದಾ?”

ಮೊದಲು ಪೆಟ್ರೋಲು ಚೆಲ್ಲಿದ ಜಾಗದಿಂದ ಪಂಪನ್ನು ದೂರ ಸರಿಸಿ ಒರೆಸಲು ಹೇಳಿದರು. ನನ್ನನ್ನೂ ದೂರ ಸರಿಸಿದರು. ಸೊಂಡಿಲು ಕಿತ್ತು ಬದಿಗಿಟ್ಟರು. ಕ್ಯಾನನ್ನು ತಿರುಗಿಸಿ ಹಿಡಿದರು. ಬಾಯಿ ಇದ್ದದ್ದು ಕ್ಯಾನಿನ ಒಂದು ಅಂಚಿನಲ್ಲಿ; ನಾನು ಆ ಅಂಚನ್ನು ಕೆಳಬದಿಗೆ ಮಾಡಿ ಬಗ್ಗಿಸಿದ್ದೆ. ಅವರು ಬಾಯಿ ಮೇಲುಬದಿಗೆ ಇರುವಂತೆ ನಿಧಾನವಾಗಿ ವಾಲಿಸಿದರು. ಅಷ್ಟೇ! ಸದ್ದಿಲ್ಲ, ಬಿಕ್ಕಳಿಕೆಯಿಲ್ಲ. ಪೆಟ್ರೋಲು ನೂಲಿನಂತೆ ಆಲಿಕೆಗೆ ಇಳಿಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

“ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರ್ತದಾ?” ಎಂದರು ಸುಮತಿಯಕ್ಕ. “ಹೋಟೆಲಲ್ಲಿ ಎಣ್ಣೆ ಡಬ್ಬಕ್ಕೆ ಎರಡು ತೂತು ಮಾಡುವುದು ಮತ್ತೆ ಎಂತಕ್ಕೆ? ಒಂದು ಎಣ್ಣೆಗೆ, ಒಂದು ಗಾಳಿಗೆ. ನಿಮ್ಮ ಡಬ್ಬಕ್ಕೆ ಒಂದೇ ಉಂಟು. ಎರಡು ಬಾಯಿಯದ್ದು ಇರ್ಲಿಲ್ವಾ ಅಂಗಡಿಯಲ್ಲಿ?”

ನಾನು ಮಳೆಯನ್ನು ನೋಡುತ್ತ ನಿಂತೆ.

ವಾಚ್‌ಮನ್ ಹಗ್ಗ ಎಳೆದ. ಪಂಪು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಮಳೆಯೂ ತಗ್ಗಿತು. ನೀರು ಮೋಟಾರಿಗೆ ಒಂದು ಬೆರಳು ಕೆಳಗೆ ಬಂದು ನಿಂತು, ಮೆಲ್ಲನೆ ಇಳಿಯಿತು. ಗ್ರೈಂಡರ್ ಉಳಿಯಿತು. ಹೊಸ್ತಿಲ ಹೊರಗೆ, ಒಲೆಯಿಂದ ದೂರದಲ್ಲಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಸುಮತಿಯಕ್ಕ ಚಹಾ ಕೊಟ್ಟರು. “ನೀವು ಇಷ್ಟೆಲ್ಲ ಓಡಾಡಿದ್ರಿ. ದೊಡ್ಡ ಉಪಕಾರ ಆಯ್ತು,” ಎಂದರು. ನಾನು ಚಹಾದ ಲೋಟ ಕೆಳಗಿಟ್ಟೆ.

“ಅಕ್ಕಾ, ಆ ಅರ್ಜಿ...” ಎಂದೆ.

“ನೀವೇ ಬರೆದದ್ದು ಅಂತ ಗೊತ್ತುಂಟು,” ಎಂದು ಅವರು ನಕ್ಕರು. “ಹೆಸರಿಲ್ಲದ ಅರ್ಜಿಯ ಕೆಳಗೆ ಗೆರೆ ಎಳೆದು, ತಾರೀಕು ಹಾಕಿ, ಪ್ರತಿ ಯಾರಿಗೆ ಅಂತ ಬರೆಯುವವರು ಈ ಬಿಲ್ಡಿಂಗಲ್ಲಿ ಬೇರೆ ಯಾರಿದ್ದಾರೆ? ಅದಕ್ಕೇ ಅಲ್ವಾ ನಾನು ಆವತ್ತಿಂದ ಆರೂವರೆಗೆ ರುಬ್ಬುವುದು. ನಿಮಗೆ ಗೊತ್ತೇ ಆಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಎರಡು ವರ್ಷದಿಂದ ನನಗಾಗಿ ಒಬ್ಬರು ತಮ್ಮ ಕೆಲಸವನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರು. ನಾನು ಅದನ್ನೂ ನಿದ್ದೆಯಲ್ಲೇ ಕಳೆದಿದ್ದೆ.

ಎರಡು ದಿನ ಬಿಟ್ಟು ಕರೆಂಟು ಬಂತು. ಮಾರನೆಯ ಬೆಳಿಗ್ಗೆ ಆರೂವರೆಗೆ ಕೆಳಗಿನಿಂದ ಗುರ್ರ್ ಎಂಬ ಸದ್ದು ಕೇಳಿತು. ಅಷ್ಟು ಹಿತವಾದ ಸದ್ದನ್ನು ನಾನು ಈ ಮುಂಬಯಿಯಲ್ಲಿ ಕೇಳಿಲ್ಲ. ಎದ್ದು ಕುಳಿತು, ಮನಸ್ಸು ತುಂಬಿ, ಸುಮತಿಯಕ್ಕನಿಗೆ ಒಂದು ಪತ್ರ ಬರೆದೆ. ಆಸ್ಪತ್ರೆಯ ಇಡ್ಲಿಯಿಂದ ಹಿಡಿದು ಆಲಿಕೆಯವರೆಗೆ ಎಲ್ಲದಕ್ಕೂ ಧನ್ಯವಾದ ಹೇಳಿದೆ, ಎಲ್ಲದಕ್ಕೂ ಕ್ಷಮೆ ಕೇಳಿದೆ. ನಾನೇ ಹೋಗಿ ಅವರ ಬಾಗಿಲ ಕೆಳಗೆ ತೂರಿಸಿ ಬಂದೆ.

ಹತ್ತು ಗಂಟೆಗೆ ಶಾಂತಾ ಹಿಟ್ಟು ತರಲು ಹೋದವಳು, ಒಂದು ಕೈಯಲ್ಲಿ ಹಿಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಪತ್ರ ಹಿಡಿದು ಬಂದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

“ಸುಮತಿಯಕ್ಕ ಓದಿ ಅತ್ತರಂತ್ರಿ. ಭಾಳ ಚಂದ ಬರದೀರಂತ. ಒಂದ ಮಾತು ಕೇಳಿ ಬಾ ಅಂದ್ರು. ಇದನ್ನ ಬರದವ್ರು ಯಾರಂತ?”

ಕಾಗದ ಕಸಿದು ನೋಡಿದೆ. ಕೆಳಗೆ ಗೆರೆ ಎಳೆದಿತ್ತು, ತಾರೀಕು ಹಾಕಿತ್ತು. ಅದರ ಕೆಳಗೆ, ನನ್ನದೇ ಮುದ್ದಾದ ಅಕ್ಷರದಲ್ಲಿ: ‘ಇತಿ, ಒಬ್ಬ ನಿವಾಸಿ.’